ಕೈಯಲ್ಲಿ ಅರವತ್ತು ಸಾವಿರ ಇದೆ, ಪಿಸಿ ತಗೊಳ್ಳೋದಾ ಪಿಎಸ್‌5 ತಗೊಳ್ಳೋದಾ?

ಹೋದ ಶನಿವಾರ ತುಮಕೂರಿಂದ ತಾಯಿ-ಮಗ ಅಂಗಡಿಗೆ ಬಂದಿದ್ರು, ಹುಡುಗ ಫಸ್ಟ್ ಪಿಯುಸಿ. ಅರವತ್ತು ಸಾವಿರ ಕೂಡಿಟ್ಟಿದೀನಿ ಸಾರ್, ಇವ್ನಿಗೆ ಗೇಮಿಂಗ್ ಪಿಸಿ ಬೇಕಂತೆ, ನಮ್ಮಣ್ಣ ಪಿಎಸ್‌5 ತಗೊಂಡ್ಬಿಡಿ ತಲೆನೋವಿಲ್ಲ ಅಂತಾರೆ, ನೀವೇ ಹೇಳಿ ಅಂದ್ರು ಆಯಮ್ಮ. ಎಸ್‌ಪಿ ರೋಡಲ್ಲಿ ಹದಿನಾರು ವರ್ಷದಿಂದ ಕಂಪ್ಯೂಟರ್ ಅಸೆಂಬಲ್ ಮಾಡ್ತಿದೀನಿ, ಈಚೆಗೆ ಕನ್ಸೋಲ್, ಅಂದ್ರೆ ಟಿವಿಗೆ ಹಾಕಿ ಗೇಮ್ ಆಡೋ ಸೋನಿ ಪಿಎಸ್‌5 ಥರದ ಡಬ್ಬಗಳ ಸರ್ವಿಸೂ ಮಾಡ್ತೀನಿ, ಈ ಪ್ರಶ್ನೆ ಬರದೇ ಇರೋ ವಾರನೇ ಇಲ್ಲ. ನಾನು ಬಜೆಟ್ ಕೇಳಲ್ಲ, ಹುಡುಗನ್ನ ಕೇಳ್ತೀನಿ, ಯಾವ ಗೇಮ್ ಆಡ್ತೀಯಪ್ಪಾ ಅಂತ.

ಅವ್ನು ವ್ಯಾಲರಂಟ್ ಅಂದ, ಅದೊಂದು ಆನ್‌ಲೈನ್ ಶೂಟಿಂಗ್ ಗೇಮ್. ಅರ್ಧ ಉತ್ತರ ಅಲ್ಲೇ ಸಿಕ್ತು. ಆ ಗೇಮ್ 2020ರಲ್ಲಿ ಪಿಸಿಗೆ ಬಂತು, ಪುಕ್ಕಟೆ, ಕನ್ಸೋಲ್‌ಗೆ ಬಂದಿದ್ದು 2024ರಲ್ಲಿ, ಅದ್ರಲ್ಲೂ ಕನ್ಸೋಲ್‌ನವ್ರು ಪಿಸಿಯವ್ರ ಜೊತೆ ಸೇರಿ ಆಡೋಕಾಗಲ್ಲ. ಇವನ ಫ್ರೆಂಡ್ಸ್ ಎಲ್ಲ ಪಿಸಿಲಿದ್ರೆ ಪಿಎಸ್‌5 ತಗೊಂಡು ಒಬ್ನೇ ಕೂತು ಏನ್ ಮಾಡ್ತಾನೆ? ಕೌಂಟರ್ ಸ್ಟ್ರೈಕ್ 2, ಡೋಟಾ 2 ಅಂತೂ ಕನ್ಸೋಲ್‌ನಲ್ಲಿ ಇಲ್ವೇ ಇಲ್ಲ. ಗುರಿ ಇಟ್ಟು ಹೊಡೆಯೋ ಆಟಕ್ಕೆ ಮೌಸೇ ವಾಸಿ, ಕೈ ಎಷ್ಟು ಸರಿಯುತ್ತೋ ಗುರಿ ಅಷ್ಟೇ ಸರಿಯುತ್ತೆ. ಕಂಟ್ರೋಲರ್‌ನ ಸ್ಟಿಕ್ಕು ಯಾವ ಕಡೆ, ಎಷ್ಟು ಸ್ಪೀಡಲ್ಲಿ ಅಂತ ಮಾತ್ರ ಹೇಳುತ್ತೆ, ಸರಿಯಾದ ಜಾಗದಲ್ಲಿ ನಿಲ್ಲಿಸೋದು ಕಷ್ಟ, ಅದಕ್ಕೇ ಕನ್ಸೋಲ್ ಗೇಮ್‌ಗಳಲ್ಲಿ ಗುರಿ ಹಿಡಿಯೋಕೆ ಗೇಮೇ ಒಂಚೂರು ಸಹಾಯ ಮಾಡುತ್ತೆ.

ಇದೇ ಹುಡುಗ ಜಿಟಿಎ ಅಂದಿದ್ರೆ ನನ್ನ ಮಾತು ಬೇರೆ ಇರ್ತಿತ್ತು. ಜಿಟಿಎ 5 ಕನ್ಸೋಲ್‌ಗೆ 2013ರಲ್ಲಿ ಬಂತು, ಪಿಸಿಯವ್ರು 2015ರ ಏಪ್ರಿಲ್ ತನಕ ಕಾದ್ರು. ರೆಡ್ ಡೆಡ್ ರಿಡೆಂಪ್ಶನ್ 2 ಬಂದಾಗ್ಲೂ ಒಂದು ವರ್ಷ ಕಾದಿದಾರೆ. ಕಾಯೋಕಾಗಲ್ಲ, ಹಾಲಲ್ಲಿ ಸೋಫಾ ಮೇಲೆ ಕೂತು ತಮ್ಮನ ಜೊತೆ ಫುಟ್‌ಬಾಲ್ ಗೇಮ್ ಆಡ್ಬೇಕು ಅನ್ನೋರಿಗೆ ನಾನು ಪಿಸಿ ಮಾರಕ್ಕೆ ಹೋಗಲ್ಲ.

ಎಲ್ರಿಗೂ ಇರೋ ಇನ್ನೊಂದು ಡೌಟು ಅಂದ್ರೆ ಅದೇ ದುಡ್ಡಿಗೆ ಪಿಎಸ್‌5 ಹೆಂಗೆ ಅಷ್ಟು ಚೆನ್ನಾಗಿ ಓಡ್ಸುತ್ತೆ ಅಂತ. ಇಂಡಿಯಾಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗ ಡಿಸ್ಕ್ ಇರೋದಕ್ಕೆ 49,990, ಆಮೇಲೆ 54,990 ಆಯ್ತು. ಒಳಗಿರೋದು ಎಂಟು ಕೋರ್‌ನ ಎಎಂಡಿ ಪ್ರೊಸೆಸರ್, 16 ಜಿಬಿ ಮೆಮೊರಿ, ಮೊದಲ ಮಾಡೆಲ್‌ನಲ್ಲಿ 825 ಜಿಬಿ ಎಸ್‌ಎಸ್‌ಡಿ. ಪಿಸಿಲಿ ನೀವು ರ‍್ಯಾಮ್ ಬೇರೆ ಕೊಳ್ತೀರಿ, ಗ್ರಾಫಿಕ್ಸ್ ಕಾರ್ಡ್ ಮೇಲಿನ ಮೆಮೊರಿಗೆ ಬೇರೆ ದುಡ್ಡು ಕೊಡ್ತೀರಿ, ಡೇಟಾ ಒಂದ್ರಿಂದ ಇನ್ನೊಂದಕ್ಕೆ ಓಡಾಡ್ತಿರುತ್ತೆ, ಕನ್ಸೋಲ್‌ನಲ್ಲಿ ಎರಡಕ್ಕೂ ಒಂದೇ ಮೆಮೊರಿ. ಅದಕ್ಕಿಂತ ದೊಡ್ಡ ಕಾರಣ ವ್ಯಾಪಾರದ್ದು. ಡಿಸ್ಕ್ ಮಾಡೆಲ್ಲು ನಷ್ಟದಲ್ಲಿ ಮಾರೋದು ನಿಂತಿದೆ ಅಂತ ಸೋನಿ ಹೇಳಿದ್ದು 2021ರ ಆಗಸ್ಟ್‌ನಲ್ಲಿ, ಅಂದ್ರೆ ಮೊದಲ ತಿಂಗಳುಗಳಲ್ಲಿ ನಷ್ಟಕ್ಕೇ ಕೊಟ್ಟಿದ್ದು. ಎಕ್ಸ್‌ಬಾಕ್ಸ್ ಮಾರಿದ್ರಲ್ಲಿ ಯಾವತ್ತೂ ಲಾಭ ಬಂದಿಲ್ಲ ಅಂತ ಮೈಕ್ರೋಸಾಫ್ಟ್‌ನವ್ರು ಅದೇ ವರ್ಷ ಅಮೆರಿಕದ ಕೋರ್ಟ್‌ನಲ್ಲಿ ಹೇಳಿದಾರೆ. ಅವ್ರಿಗೆ ದುಡ್ಡು ಬರೋದು ಪ್ರತಿ ಗೇಮ್‌ನಲ್ಲಿ ಸಿಗೋ ಪಾಲಲ್ಲಿ. ಗ್ರಾಫಿಕ್ಸ್ ಕಾರ್ಡ್ ಮಾಡೋನಿಗೆ ಆ ದಾರಿ ಇಲ್ಲ, ಅವ್ನ ಲಾಭ ಕಾರ್ಡ್ ರೇಟಲ್ಲೇ ಸೇರಿರುತ್ತೆ.

ಹಂಗಾಗಿ ಲೆಕ್ಕ ಹಾಕೋರು ಐದು ವರ್ಷದ್ದು ಹಾಕ್ಬೇಕು. ಪಿಎಸ್‌5ಗೆ ಹೊಸ ದೊಡ್ಡ ಗೇಮ್ ಐದು ಸಾವಿರದ ಆಸುಪಾಸು ಇರುತ್ತೆ, ವರ್ಷಕ್ಕೆ ನಾಲ್ಕು ತಗೊಂಡ್ರೂ ಐದು ವರ್ಷಕ್ಕೆ ಒಂದು ಲಕ್ಷ, ದುಡ್ಡು ಕೊಟ್ಟು ತಗೊಂಡ ಗೇಮ್‌ನಲ್ಲಿ ಆನ್‌ಲೈನ್ ಆಡ್ಬೇಕಂದ್ರೆ ಪಿಎಸ್ ಪ್ಲಸ್ ಚಂದಾ ಬೇರೆ. ಪಿಸಿಲಿ ಆನ್‌ಲೈನ್‌ಗೆ ಆ ಥರ ಚಂದಾ ಇಲ್ಲ, ಪಿಸಿ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 2015ರಿಂದ ರೂಪಾಯಿಲೇ ರೇಟ್ ಇದೆ, ಸೇಲ್ ಬಂದಾಗ ಹಳೇ ಗೇಮ್ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತೆ. ಆದ್ರೆ ಡಿಸ್ಕ್ ಆದ್ರೆ ಆಡಿ ಮುಗಿಸಿ ಮಾರ್ಬಹುದು, ಸ್ಟೀಮ್ ಗೇಮ್ ಮಾರಕ್ಕಾಗಲ್ಲ. ಅದಕ್ಕೇ ಡಿಸ್ಕ್ ಇಲ್ದೇ ಇರೋ ಪಿಎಸ್‌5ನ ನಾನು ಯಾರಿಗೂ ಹೇಳಲ್ಲ.

ಪಿಸಿ ಪರವಾಗಿ ನನಗೆ ತುಂಬಾ ಇಷ್ಟವಾದ ವಿಷ್ಯ ಅಂದ್ರೆ ಅದು ಒಂದೇ ಸಲ ಹಳೇದಾಗಲ್ಲ. 2017ರಲ್ಲಿ ಎಎಂ4, ಅಂದ್ರೆ ಎಎಂಡಿ ಪ್ರೊಸೆಸರ್ ಕೂರೋ ಮದರ್‌ಬೋರ್ಡ್ ಹಾಕಿಸ್ಕೊಂಡ ಎಷ್ಟೋ ಜನಕ್ಕೆ 2022ರಲ್ಲಿ ಬೋರ್ಡ್ ಒಳಗಿನ ಸಾಫ್ಟ್‌ವೇರ್ ಆದ ಬಯಾಸ್ ಅಪ್‌ಡೇಟ್ ಮಾಡಿ, ಅದೇ ಬೋರ್ಡ್ ಮೇಲೆ ರೈಜನ್ 5000 ಪ್ರೊಸೆಸರ್ ಕೂರಿಸಿ ಕೊಟ್ಟಿದೀನಿ, ಕ್ಯಾಬಿನೆಟ್ಟು, ಪಿಸಿಗೆ ಕರೆಂಟ್ ಕೊಡೋ ಎಸ್‌ಎಂಪಿಎಸ್ಸು ಏನೂ ಬದಲಾಗ್ಲಿಲ್ಲ. ಓದೋ ಹುಡುಗನಿಗೆ ಕೋಡಿಂಗ್, ವಿಡಿಯೋ ಎಡಿಟಿಂಗ್, ಕಾಲೇಜ್ ಪ್ರಾಜೆಕ್ಟ್ ಎಲ್ಲ ಅದ್ರಲ್ಲೇ ಆಗುತ್ತೆ.

ಆದ್ರೆ ಪಿಸಿನ ನೋಡ್ಕೋಬೇಕು, ಇದನ್ನ ಮಾರೋವಾಗ ಯಾರೂ ಹೇಳಲ್ಲ. ಹೊಸ ಗೇಮ್ ಹಾಕಿದ ಮೊದಲ ಒಂದು ಗಂಟೆ ತಡೆತಡೆದು ಓಡುತ್ತೆ, ಕಾರ್ಡ್ ಹೋಗಿದೆ ಸಾರ್ ಅಂತ ಸಿಪಿಯು ಹೊತ್ಕೊಂಡು ಬರೋರು ಬಹಳ ಜನ. ಕಾರ್ಡ್‌ಗೆ ಏನೂ ಆಗಿರಲ್ಲ. ನೆರಳು, ಬೆಳಕು, ನೀರಿನ ಹೊಳಪು ಹೆಂಗೆ ಬಿಡಿಸ್ಬೇಕು ಅಂತ ಚಿಪ್‌ಗೆ ಹೇಳೋ ಸಣ್ಣ ಸಣ್ಣ ಪ್ರೋಗ್ರಾಂ ಇರ್ತವೆ, ಶೇಡರ್ ಅಂತಾರೆ, ಕನ್ಸೋಲ್‌ನಲ್ಲಿ ಎಲ್ರ ಚಿಪ್ಪೂ ಒಂದೇ ಆದ್ರಿಂದ ಗೇಮ್ ಮಾಡಿದೋರೇ ಅದನ್ನ ಮೊದ್ಲೇ ತಯಾರು ಮಾಡಿ ಕಳಿಸ್ತಾರೆ, ಪಿಸಿಲಿ ಒಬ್ಬೊಬ್ರದ್ದು ಒಂದೊಂದು ಕಾರ್ಡು ಒಂದೊಂದು ಡ್ರೈವರ್ರು, ಹಂಗಾಗಿ ನಿಮ್ಮ ಮನೇಲೇ ತಯಾರಾಗ್ಬೇಕು, ಡ್ರೈವರ್ ಅಪ್‌ಡೇಟ್ ಮಾಡಿದ್ರೆ ಮತ್ತೆ ಮೊದಲಿಂದ. ಗೇಮ್ ಶುರುವಲ್ಲಿ ಶೇಡರ್ ತಯಾರಾಗ್ತಿದೆ ಅಂತ ಬಂದ್ರೆ ಅದನ್ನ ಸ್ಕಿಪ್ ಮಾಡ್ಬೇಡಿ, ಕಾಫಿ ಕುಡ್ಕೊಂಡು ಬನ್ನಿ.

ಕನ್ಸೋಲ್‌ಗೆ ಆ ರಗಳೆ ಇಲ್ಲ, ಆದ್ರೆ ಕೆಟ್ರೆ ದೊಡ್ಡದಾಗೇ ಕೆಡುತ್ತೆ. ಪಿಎಸ್‌5 ಚಿಪ್ ಮೇಲೆ ಚಿಪ್ಪಿನ ಬಿಸಿ ಎಳೆಯೋ ಸಾಮಾನ್ಯ ಥರ್ಮಲ್ ಪೇಸ್ಟ್ ಅಲ್ಲ, ಲಿಕ್ವಿಡ್ ಮೆಟಲ್ ಇರುತ್ತೆ, ಅದ್ರಲ್ಲಿ ಕರೆಂಟ್ ಹರಿಯುತ್ತೆ. ಧೂಳು ತೆಗೀತೀನಿ ಅಂತ ಗೊತ್ತಿಲ್ದೋರು ಹೀಟ್‌ಸಿಂಕ್ ತನಕ ಬಿಚ್ಚಿ, ಆ ಮೆಟಲ್ ಪಕ್ಕಕ್ಕೆ ಸರಿದು ಬೋರ್ಡೇ ಶಾರ್ಟ್ ಆಗಿದ್ದನ್ನ ಈ ವರ್ಷದಲ್ಲೇ ಮೂರು ನೋಡಿದೀನಿ, ಒಂದನ್ನ ಮಾತ್ರ ಉಳಿಸೋಕಾಯ್ತು. ಹೊರಗಿನ ಪ್ಲೇಟ್ ತೆಗೆದು ಧೂಳಿನ ತೂತು ಕ್ಲೀನ್ ಮಾಡಿ, ಅಷ್ಟಕ್ಕೇ ಬಿಡಿ.

ಆಯಮ್ಮನ್ನ ಕೊನೇಲಿ ನಾನು ಕೇಳಿದ್ದು ಮನೆ ಕರೆಂಟ್ ವಿಷ್ಯ. ದಿನಕ್ಕೆ ಮೂರ್ನಾಲ್ಕು ಸಲ ಹೋಗುತ್ತೆ, ಒಂದು ಹಳೇ 600 ವಿಎ ಯುಪಿಎಸ್ ಇದೆ ಅಂದ್ರು. ಅಂಥದ್ದು ಕೊಡೋದು ಸುಮಾರು 360 ವಾಟ್. ಪಿಎಸ್‌5 ದೊಡ್ಡ ಗೇಮ್ ಆಡೋವಾಗ ಹತ್ರತ್ರ 200 ವಾಟ್ ಎಳೆಯುತ್ತೆ, ದೊಡ್ಡ ಕಾರ್ಡ್ ಹಾಕಿದ ಪಿಸಿ ಮಾನಿಟರ್ ಸೇರಿ ಆ 360ನ ಸಲೀಸಾಗಿ ದಾಟುತ್ತೆ, ಸಾಲದ್ದಕ್ಕೆ ಒಳ್ಳೇ ಎಸ್‌ಎಂಪಿಎಸ್‌ಗಳು ಅಗ್ಗದ ಯುಪಿಎಸ್‌ನ ಸ್ಕ್ವೇರ್ ವೇವ್‌ಗೆ, ಅಂದ್ರೆ ನಯವಾಗಿ ಏರಿಳಿಯದ ಕರೆಂಟ್‌ಗೆ ಹೊಂದ್ಕೊಳ್ದೆ ಕರೆಂಟ್ ಹೋದ ತಕ್ಷಣ ಆಫ್ ಆಗೋದೂ ಇದೆ. ಹಂಗಾಗಿ ದೊಡ್ಡ ಕಾರ್ಡ್ ಬೇಡ ಅಂದೆ. ವ್ಯಾಲರಂಟ್‌ಗೆ ಅಂಥ ಕಾರ್ಡ್ ಬೇಕೂ ಇಲ್ಲ. ಸಣ್ಣ ಕಾರ್ಡಿನ ಪಿಸಿ, ಒಳ್ಳೇ ಎಸ್‌ಎಂಪಿಎಸ್, ಉಳಿದ ದುಡ್ಡಲ್ಲಿ ಲೈನ್ ಕರೆಂಟ್ ಥರಾನೇ ನಯವಾಗಿ ಕೊಡೋ ಸೈನ್ ವೇವ್ ಯುಪಿಎಸ್ ಅಂತ ಬರ್ಕೊಟ್ಟೆ. ಹುಡುಗನ ಮುಖ ಸ್ವಲ್ಪ ಸಣ್ಣದಾಯ್ತು. ದೊಡ್ಡ ಕಾರ್ಡ್ ಕೂರಿಸೋಕೆ ಜಾಗ, ಪವರ್ ಎರಡೂ ಬಿಟ್ಟಿದೀನಪ್ಪಾ, ಡಿಗ್ರಿಗೆ ಸೇರಿದಾಗ ಬಾ ಅಂದೆ. ಸೋಮವಾರ ಎಲೆಕ್ಟ್ರಿಷಿಯನ್ ಕರೆಸಿ ಪ್ಲಗ್ ಪಾಯಿಂಟ್‌ನ ಅರ್ಥಿಂಗ್ ಚೆಕ್ ಮಾಡಿಸ್ತೀನಿ, ಆಮೇಲೇ ಅಡ್ವಾನ್ಸ್ ಕೊಡ್ತೀನಿ ಅಂತ ಹೇಳಿ ಆಯಮ್ಮ ಮಗನ್ನ ಕರ್ಕೊಂಡು ಹೋದ್ರು.