ಹನ್ನೆರಡು ವೋಲ್ಟಿನ ವಾಹನದಲ್ಲಿ ತಂತಿಯ ಲೆಕ್ಕ

ಮಿನಿ ಬಸ್ಸನ್ನು ಮಲಗುವ ಮನೆಯಾಗಿ ಮಾರ್ಪಡಿಸಿಕೊಂಡು ಕರಾವಳಿ ಸುತ್ತುತ್ತಿದ್ದ ಕುಟುಂಬವೊಂದು ಕಳೆದ ಬೇಸಿಗೆಯಲ್ಲಿ ಕಾರವಾರದ ನಮ್ಮ ಕಾರ್ಯಾಗಾರಕ್ಕೆ ಬಂದಿತ್ತು. ಗೋಕರ್ಣದಲ್ಲಿ ತಂಗಿದ್ದಾಗ ನಡುರಾತ್ರಿಯ ಹೊತ್ತಿಗೆ ಫ್ರಿಜ್ ನಿಂತುಹೋಗುತ್ತದೆ, ಆದ್ದರಿಂದ ಚಾವಣಿಯ ಮೇಲೆ ಇನ್ನೊಂದು ಸೌರ ಪ್ಯಾನೆಲ್ ಕೂರಿಸಿಕೊಡಿ ಎಂಬುದು ಅವರ ಕೋರಿಕೆಯಾಗಿತ್ತು. ಪರೀಕ್ಷಿಸಿದಾಗ ಪ್ಯಾನೆಲ್ಲಿನಲ್ಲಾಗಲಿ ಬ್ಯಾಟರಿಯಲ್ಲಾಗಲಿ ದೋಷವಿರಲಿಲ್ಲ. ಬ್ಯಾಟರಿಯಿಂದ ಫ್ರಿಜ್ಜಿಗೆ ಎಳೆದಿದ್ದ ತಂತಿ ತೀರ ಸಣ್ಣದಾಗಿತ್ತು, ಅದರ ತುದಿಯ ಲಗ್ಗಿಗೆ, ಅಂದರೆ ತಂತಿಯನ್ನು ಬಿಗಿಯಲು ಒತ್ತಿ ಕೂರಿಸುವ ಲೋಹದ ತುಂಡಿಗೆ, ಹಸಿರು ಕಿಲುಬು ಹಿಡಿದಿತ್ತು.

ಮನೆಯ ವೈರಿಂಗ್ ಮಾಡಿ ಅನುಭವವಿರುವವರು ವಾಹನದಲ್ಲಿ ಎಡವುವುದು ಇಲ್ಲಿಯೇ. 45 ವಾಟಿನ ಫ್ರಿಜ್ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 0.2 ಆಂಪಿಯರ್ ಮಾತ್ರ. 12 ವೋಲ್ಟಿನಲ್ಲಿ ಅದೇ ಕೆಲಸಕ್ಕೆ ಹೆಚ್ಚುಕಡಿಮೆ 4 ಆಂಪಿಯರ್ ಬೇಕು, ಕಂಪ್ರೆಸರ್ ಚಾಲೂ ಆಗುವ ಕ್ಷಣದಲ್ಲಿ 10ರವರೆಗೂ ಏರಬಹುದು. ಆ ವಾಹನದಲ್ಲಿ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಹೋಗಿ ಬರುವ ದಾರಿ ಸೇರಿ 12 ಮೀಟರ್ ಇತ್ತು. ಅದರ ರೋಧ ಸುಮಾರು 0.14 ಓಮ್, 10 ಆಂಪಿಯರ್ ಹರಿದಾಗ ತಂತಿಯೊಂದೇ 1.4 ವೋಲ್ಟನ್ನು ನುಂಗುತ್ತದೆ. ರಾತ್ರಿ 12 ವೋಲ್ಟಿಗೆ ಇಳಿದಿರುವ ಲೆಡ್ ಆಸಿಡ್ ಬ್ಯಾಟರಿಯಿಂದ ಫ್ರಿಜ್ಜಿಗೆ ತಲುಪುವುದು 10.6 ವೋಲ್ಟ್, ಕಿಲುಬಿನ ರೋಧ ಸೇರಿದರೆ ಇನ್ನೂ ಕಡಿಮೆ. ಬ್ಯಾಟರಿ ಬರಿದಾಗಿದೆಯೆಂದು ಬಗೆದು ಫ್ರಿಜ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಪ್ಯಾನೆಲ್ ಎಷ್ಟು ಹೆಚ್ಚಿಸಿದರೂ ಈ ನಷ್ಟ ತಪ್ಪುವುದಿಲ್ಲ. ನಾವು ತವರ ಲೇಪಿತ ತಾಮ್ರದ 6 ಚದರ ಮಿಲಿಮೀಟರಿನ ತಂತಿ ಎಳೆದು, ಲಗ್ಗುಗಳನ್ನು ಯಂತ್ರದಿಂದ ಒತ್ತಿ, ಮೇಲೆ ಕಾಯಿಸಿದರೆ ಕುಗ್ಗಿ ಅಂಟಿಕೊಳ್ಳುವ ಪ್ಲಾಸ್ಟಿಕ್ ಕೊಳವೆ ಹಾಕಿ ಮುಚ್ಚಿದೆವು. ಉಪ್ಪುಗಾಳಿಯ ನಮ್ಮ ಕರಾವಳಿಯಲ್ಲಿ ಬರಿಯ ತಾಮ್ರವನ್ನು ತಿರುಚಿ ಟೇಪು ಸುತ್ತಿಬಿಡುವುದು ಯಾವ ಕಾರಣಕ್ಕೂ ಸಲ್ಲದು.

ಹೊಸದಾಗಿ ವ್ಯವಸ್ಥೆ ಮಾಡಿಸುವವರು ಪ್ಯಾನೆಲ್ಲಿನ ಬೆಲೆ ಕೇಳುವ ಮೊದಲು ದಿನದ ಖರ್ಚನ್ನು ಬರೆದುಕೊಳ್ಳಬೇಕು. ಅರ್ಧ ಹೊತ್ತು ಓಡುವ 45 ವಾಟಿನ ಫ್ರಿಜ್ಜಿಗೆ 540 ವಾಟ್-ಗಂಟೆ, ಎಂಟು ತಾಸು ತಿರುಗುವ 30 ವಾಟಿನ ಫ್ಯಾನಿಗೆ 240, ದೀಪಗಳಿಗೆ 50, ಫೋನು ಮತ್ತು ಲ್ಯಾಪ್‌ಟಾಪಿಗೆ 150, ಒಟ್ಟು 980. ಇದಕ್ಕೆ 100 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೊಂದು ಸಾಕು, ಏಕೆಂದರೆ ಅದರ 1280 ವಾಟ್-ಗಂಟೆಯಲ್ಲಿ (12.8 ವೋಲ್ಟ್ × 100) ಶೇಕಡ 80ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದು. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಕೆಳಗಿಳಿಸಿದಷ್ಟೂ ಆಯುಷ್ಯ ಕುಗ್ಗುತ್ತದೆ. 300 ವಾಟಿನ ಪ್ಯಾನೆಲ್ ಬೇಸಿಗೆಯಲ್ಲಿ ಇದನ್ನು ಹೆಚ್ಚುಕಡಿಮೆ ತುಂಬಿಸಿಕೊಡುತ್ತದೆ. ಇಂಡಕ್ಷನ್ ಒಲೆಯ ಆಸೆಯನ್ನು ಮಾತ್ರ ಬಿಡುವುದು ಒಳಿತು: 2000 ವಾಟಿನ ಒಲೆಗೆ ಇನ್ವರ್ಟರ್ ಬ್ಯಾಟರಿಯಿಂದ 180 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ.

ಪ್ಯಾನೆಲ್ಲನ್ನು ಚಾವಣಿಗೆ ಅಂಟಿಸಿಬಿಡದೆ ಕೆಳಗೆ ಗಾಳಿಯಾಡಲು ಎರಡು ಬೆರಳಿನಷ್ಟಾದರೂ ಜಾಗ ಬಿಡಬೇಕು. ಬಿಸಿಲಿನಲ್ಲಿ ಅದು 65 ಡಿಗ್ರಿಗೆ ಕಾದರೆ ಉತ್ಪಾದನೆ ಸುಮಾರು ಶೇಕಡ 15ರಷ್ಟು ತಗ್ಗುತ್ತದೆ. ತಂಪಾಗಿರಲೆಂದು ತೆಂಗಿನ ಮರದಡಿ ವಾಹನ ನಿಲ್ಲಿಸುವುದೂ ನಷ್ಟವೇ; ಪ್ಯಾನೆಲ್ಲಿನೊಳಗೆ ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿದ ಸೌರ ಬಿಲ್ಲೆಗಳಲ್ಲಿ (ಸೆಲ್) ಒಂದರ ಮೇಲೆ ಗರಿಯ ನೆರಳು ಬಿದ್ದರೂ ಆ ಇಡೀ ಸಾಲಿನ ವಿದ್ಯುತ್ತು ಕುಸಿಯುತ್ತದೆ.

ಜೂನ್ ಬಂತೆಂದರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಮೋಡ ಕವಿದ ದಿನಗಳಲ್ಲಿ ಪ್ಯಾನೆಲ್ಲನ್ನು ನಂಬಿ ಕೂರುವಂತಿಲ್ಲ. ಆಗ ಎಂಜಿನ್ ಓಡುವಾಗ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರಿನಿಂದ ಫ್ರಿಜ್, ಫ್ಯಾನುಗಳನ್ನು ಓಡಿಸುವ ಬ್ಯಾಟರಿಗೆ ತುಂಬಿಸುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ನೆರವಿಗೆ ಬರುತ್ತದೆ: ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವ ಎರಡು ತಾಸಿನಲ್ಲಿ 700 ವಾಟ್-ಗಂಟೆ ಸೇರುತ್ತದೆ. ಆಲ್ಟರ್ನೇಟರಿನಿಂದ ಲಿಥಿಯಂ ಬ್ಯಾಟರಿಗೆ ನೇರ ತಂತಿ ಎಳೆಯಬಾರದು. ಬರಿದಾದ ಬ್ಯಾಟರಿ ಮಿತಿಮೀರಿ ಎಳೆದು ಆಲ್ಟರ್ನೇಟರನ್ನು ಸುಟ್ಟುಹಾಕಬಲ್ಲದು.

ಬ್ಯಾಟರಿಯ ಧನ ತುದಿಯಿಂದ ಗೇಣುದ್ದದೊಳಗೆ ಮುಖ್ಯ ಫ್ಯೂಸ್ ಇರಲೇಬೇಕು, ಏಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿ ಸವೆದು ವಾಹನದ ಲೋಹದ ಮೈಗೆ ತಾಗಿದರೆ ಬೆಂಕಿಯನ್ನು ತಡೆಯುವುದು ಕಷ್ಟ. ಮಳೆಗಾಲ ಮುಗಿದ ಮೇಲೆ ಅಕ್ಟೋಬರಿನಲ್ಲಿ ಎಲ್ಲ ಲಗ್ಗುಗಳನ್ನೂ ಬಿಚ್ಚಿ, ಕಿಲುಬು ತೆಗೆದು, ಮತ್ತೆ ಬಿಗಿ ಮಾಡಿಸಿ. ಬಿಚ್ಚುವಾಗ ಮೊದಲು ಪ್ಯಾನೆಲ್ಲಿನ ತಂತಿ, ಆಮೇಲೆ ಬ್ಯಾಟರಿಯದು. ಜೋಡಿಸುವಾಗ ಮೊದಲು ಬ್ಯಾಟರಿ. ಈ ಕ್ರಮ ತಪ್ಪಿದರೆ ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ಚಾರ್ಜ್ ಕಂಟ್ರೋಲರ್ ಕೆಡಬಹುದು.