ಮೈನ್‌ಲೇಯರ್: ಕಡಲದಾರಿಗೆ ಬೀಗ ಹಾಕುವ ಹಡಗು

ಮೈನ್ ಅಂದರೆ ಬಳ್ಳಾರಿ, ಕೋಲಾರದವರಿಗೆ ಮೊದಲು ನೆನಪಾಗುವುದು ಗಣಿ. ಯುದ್ಧದ ಮೈನ್ ಹುಟ್ಟಿದ್ದೂ ಅಲ್ಲಿಂದಲೇ. ಹಿಂದೆ ಶತ್ರುವಿನ ಕೋಟೆಗೋಡೆಯ ಬುಡಕ್ಕೆ ಸುರಂಗ ಕೊರೆದು, ಮದ್ದು ತುಂಬಿ ಸಿಡಿಸುತ್ತಿದ್ದರು. ಸುರಂಗದ ಹೆಸರು ಒಳಗಿನ ಮದ್ದಿಗೆ ಅಂಟಿಕೊಂಡಿತು. ನೆಲದಲ್ಲಿ ಹೂತರೆ ಅದು ನಮ್ಮ ಪತ್ರಿಕೆಗಳ ನೆಲಬಾಂಬ್, ನೀರಿಗೆ ಬಿಟ್ಟರೆ ಕಡಲ ಮೈನ್. ಅದನ್ನು ಸಾಲಾಗಿ ಬಿಡುತ್ತಾ ಹೋಗುವ ಹಡಗೇ ಮೈನ್‌ಲೇಯರ್.

ಕೆಲಸ ನಡೆಯುವ ಬಗೆ ಹೀಗೆ. ಡೆಕ್ಕಿನ ಮೇಲೆ ಹಿಂಬದಿಯವರೆಗೂ ಹಳಿ. ಅದರ ಮೇಲೆ ಗಾಲಿಯ ಪೀಠಗಳು, ಒಂದೊಂದು ಪೀಠದ ಮೇಲೂ ಒಂದೊಂದು ಕಬ್ಬಿಣದ ಗುಂಡು. ನಾವಿಕರು ಅಳೆದ ಅಂತರದಲ್ಲಿ ಒಂದೊಂದನ್ನೇ ನೀರಿಗೆ ತಳ್ಳುತ್ತಾರೆ. ಭಾರದ ಪೀಠ ತಳ ಸೇರಿ ಲಂಗರಾಗುತ್ತದೆ. ಒಳಗೆ ಗಾಳಿಯಿರುವ ಗುಂಡು ಮೇಲೇಳಲು ಜಗ್ಗಿದರೂ ತಂತಿ ಅದನ್ನು ನೀರಿನ ಮಟ್ಟಕ್ಕಿಂತ ಕೊಂಚ ಕೆಳಗೇ ಹಿಡಿದಿಡುತ್ತದೆ. ಗುಂಡಿನ ಮೈಮೇಲೆ ಮೆದು ಸೀಸದ ಕೊಂಬುಗಳು. ಹಡಗು ತಾಗಿ ಕೊಂಬು ಬಾಗಿದರೆ ಒಳಗಿನ ಗಾಜಿನ ನಳಿಕೆ ಒಡೆಯುತ್ತದೆ, ದ್ರಾವಣ ಹರಿದು ಬ್ಯಾಟರಿ ಜೀವ ಪಡೆಯುತ್ತದೆ. ಅಲ್ಲಿಯವರೆಗೆ ಕರೆಂಟೇ ಇಲ್ಲ. ವರ್ಷಗಟ್ಟಲೆ ಕಾದು ಕೂರುವ ಶಕ್ತಿ ಅದಕ್ಕೆ ಬಂದದ್ದು ಹೀಗೆ.

ಎರಡು ಮಹಾಯುದ್ಧಗಳ ನಡುವೆ ಡಚ್ಚರ ಕೈಯಲ್ಲಿ ಇಂದಿನ ಇಂಡೋನೇಷ್ಯಾ ಇತ್ತು: ಸಾವಿರಾರು ದ್ವೀಪ, ಕಾಯಲು ಸಣ್ಣ ನೌಕಾಪಡೆ. ಎಲ್ಲ ಕಡೆ ಯುದ್ಧನೌಕೆ ನಿಲ್ಲಿಸಲಾಗದು, ಆದರೆ ತೈಲ ಬಂದರುಗಳ ಬಾಯಿಗೆ ಮೈನ್ ಸುರಿಯಬಹುದು. ಈ ಲೆಕ್ಕದಲ್ಲೇ 1930ರ ದಶಕದ ಆರಂಭದಲ್ಲಿ 'ಪ್ರಿನ್ಸ್ ಫಾನ್ ಒರಾನ್ಯೆ' ಮತ್ತು 'ಖೌಡನ್ ಲೇವ್' ಎಂಬ ಅವಳಿ ಹಡಗುಗಳು ಬಂದವು. ಎರಡನೆಯದರ ಅರ್ಥ ಚಿನ್ನದ ಸಿಂಹ. ವೇಗ ಮಾತ್ರ 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್ ಅಷ್ಟೇ.

ಆ ವೇಗವೇ ಪ್ರಾಣಕ್ಕೆ ಮುಳುವಾಯಿತು. ಬೋರ್ನಿಯೋ ಪಕ್ಕದ ತಾರಾಕಾನ್ ದ್ವೀಪದ ತೈಲಕ್ಕಾಗಿ 1942ರ ಜನವರಿ 11ರಂದು ಜಪಾನೀಯರು ಇಳಿದರು. ಅಲ್ಲಿನ ಜಲಮಾರ್ಗಗಳಲ್ಲಿ ಮೈನ್ ಹಾಕಿದ್ದ ಪ್ರಿನ್ಸ್ ಫಾನ್ ಒರಾನ್ಯೆ ಆ ರಾತ್ರಿ ತಪ್ಪಿಸಿಕೊಳ್ಳಲು ಹೊರಟಿತು. ಅದರ ಎರಡು ಪಟ್ಟು ವೇಗದ ಜಪಾನೀ ಯುದ್ಧನೌಕೆ, ಡಿಸ್ಟ್ರಾಯರ್ 'ಯಾಮಾಕಾಜೆ' ಮತ್ತು ಇನ್ನೊಂದು ಗಸ್ತು ನೌಕೆ ಅದನ್ನು ಹಿಡಿದು ಮುಳುಗಿಸಿದವು. ಸಿಬ್ಬಂದಿಯಲ್ಲಿ ಹೆಚ್ಚಿನವರು ಸತ್ತರು. ಮೈನ್‌ಲೇಯರ್‌ಗಳನ್ನು ಬರೀ ಸಹಾಯಕ ಹಡಗುಗಳೆಂದು ಬದಿಗಿಡುವವರು ಈ ರಾತ್ರಿಯನ್ನು ಮರೆಯಬಾರದು ಅನ್ನಿಸುತ್ತದೆ ನನಗೆ.

ಅದೇ ವರ್ಷದ ಫೆಬ್ರವರಿ 27ರಂದು ಖೌಡನ್ ಲೇವ್ ಜಾವಾದ ಉತ್ತರ ಕರಾವಳಿಯಲ್ಲಿ ಮೈನ್ ಸಾಲು ಹಾಕಿತು. ಕೆಲವೇ ಗಂಟೆಗಳ ಬಳಿಕ, ಜಪಾನೀಯರ ಜೊತೆಗಿನ ಜಾವಾ ಸಮುದ್ರದ ಕಾಳಗದ ಕತ್ತಲಲ್ಲಿ, ಡಚ್ಚರ ಜೊತೆಗೇ ಹೋರಾಡುತ್ತಿದ್ದ ಬ್ರಿಟಿಷ್ ಡಿಸ್ಟ್ರಾಯರ್ 'ಜುಪಿಟರ್' ಅದೇ ನೀರಿಗೆ ಬಂತು. ಸ್ಫೋಟವಾದಾಗ ಹಡಗಿನಿಂದ ಹೊರಟ ಸಂದೇಶ, ತನಗೆ ಟಾರ್ಪಿಡೋ (ನೀರೊಳಗೆ ಸಾಗಿ ಬಂದು ಸಿಡಿಯುವ ಆಯುಧ) ಬಡಿದಿದೆ ಎಂದು.