ಚೀಲದಿಂದ ಚೀಲಕ್ಕೆ ಸುರಿದಂತಲ್ಲ

ತಿಪಟೂರಿನ ಎಪಿಎಂಸಿ ಯಾರ್ಡಿನಲ್ಲಿ ಕೊಬ್ಬರಿ ಮಂಡಿ ನಡೆಸುವ ನಮ್ಮ ಭಾವನವರು ಕಳೆದ ದೀಪಾವಳಿಯ ನಂತರ ಹೊಸ ಲ್ಯಾಪ್‌ಟಾಪ್ ಕೊಂಡರು. ಹಳೆಯದು ಹತ್ತು ವರ್ಷ ದುಡಿದಿತ್ತು. ಬ್ಯಾಟರಿ ಸತ್ತುಹೋಗಿ, ಚಾರ್ಜರ್ ಸಿಕ್ಕಿಸಿದ್ದಾಗ ಮಾತ್ರ ಓಡುತ್ತಿತ್ತು. ಅದರಲ್ಲಿದ್ದ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಅದರಲ್ಲಿರಲಿಲ್ಲ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಭಾವ ಹೇಳಿದ್ದು ಇಷ್ಟೇ: “ಇದರಲ್ಲಿರೋದನ್ನೆಲ್ಲ ಅದಕ್ಕೆ ಸುರಿದುಬಿಡಪ್ಪ, ಎಷ್ಟೊತ್ತಿನ ಕೆಲಸ?” ಕೊಬ್ಬರಿಯನ್ನು ಒಂದು ಚೀಲದಿಂದ ಇನ್ನೊಂದಕ್ಕೆ ಸುರಿಯುವುದನ್ನು ದಿನವೂ ನೋಡುವವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಲ್ಯಾಪ್‌ಟಾಪಿನೊಳಗೆ ಇರುವುದೆಲ್ಲ ಒಂದೇ ಬಗೆಯ ಸರಕಲ್ಲ. ಕೆಲವನ್ನು ಸುರಿಯಬಹುದು, ಕೆಲವನ್ನು ಸುರಿದರೂ ಪ್ರಯೋಜನವಿಲ್ಲ.

ಸುರಿಯಬಹುದಾದದ್ದು ಕಡತಗಳನ್ನು, ಅಂದರೆ ಫೋಟೋ, ಪತ್ರ, ಲೆಕ್ಕದ ಹಾಳೆ, ವಿಡಿಯೊಗಳನ್ನು. ಒಂದು ಕಡತವೆಂದರೆ ಸಾಲಾಗಿ ಬರೆದಿಟ್ಟ ಸಂಖ್ಯೆಗಳು, ಅಷ್ಟೇ. ಆ ಸಂಖ್ಯೆಗಳನ್ನು ಅದೇ ಕ್ರಮದಲ್ಲಿ ಬೇರೆಡೆ ಬರೆದರೆ ಅಲ್ಲಿಯೂ ಅದೇ ಕಡತ ಹುಟ್ಟುತ್ತದೆ. ಹಾಗಾಗಿ ಇಲ್ಲಿ ಯಾವುದೂ ನಿಜಕ್ಕೂ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವುದಿಲ್ಲ. ನಡೆಯುವುದು ನಕಲು ಮಾತ್ರ. ‘ಕಟ್’ ಮಾಡಿ ‘ಪೇಸ್ಟ್’ ಮಾಡಿದಾಗಲೂ ಏನೂ ಸಾಗುವುದಿಲ್ಲ. ಒಂದೇ ಡಿಸ್ಕಿನ ಒಂದೇ ವಿಭಾಗದೊಳಗಾದರೆ ಯಂತ್ರ ಕಡತವನ್ನು ಮುಟ್ಟದೆ ಅದರ ವಿಳಾಸವನ್ನಷ್ಟೇ ತಿದ್ದುತ್ತದೆ, ಆದ್ದರಿಂದಲೇ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಬೇರೆ ಡಿಸ್ಕಿಗಾದರೆ ಮೊದಲು ನಕಲು ಮಾಡಿ ಆಮೇಲೆ ಮೂಲವನ್ನು ಅಳಿಸುತ್ತದೆ. ವಯಸ್ಸಾದ ಯಂತ್ರದ ಮುಂದೆ ಕುಳಿತಾಗ ‘ಕಟ್’ ಎಂಬ ಗುಂಡಿಯ ಹತ್ತಿರವೂ ಸುಳಿಯಬಾರದು ಎಂದು ನಾನು ಹೇಳುವುದು ಇದಕ್ಕೇ.

ಸಮಯದ ಲೆಕ್ಕ ಬಹಳ ಜನರನ್ನು ಮೋಸಗೊಳಿಸುತ್ತದೆ. ಭಾವನವರ ಹಳೆಯ ಯಂತ್ರದಲ್ಲಿದ್ದದ್ದು ತಿರುಗುವ ಹಾರ್ಡ್ ಡಿಸ್ಕ್. ಅದರ ತಟ್ಟೆ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ, ಮತ್ತು ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ಓದುವ ತಲೆಯೊಂದು ತೇಲುತ್ತಾ ಅತ್ತಿತ್ತ ಓಡಾಡುತ್ತದೆ. ಒಂದು ಜಾಗದಿಂದ ಇನ್ನೊಂದಕ್ಕೆ ತಲೆ ಜಿಗಿದು, ಬೇಕಾದ ಭಾಗ ತನ್ನ ಕೆಳಗೆ ಬರುವವರೆಗೆ ಕಾಯಲು ಸುಮಾರು 18 ಮಿಲಿಸೆಕೆಂಡು ಹಿಡಿಯುತ್ತದೆ ಎನ್ನೋಣ. ಈಗ 50 ಕಿಲೋಬೈಟಿನ 60,000 ಸಣ್ಣ ಕಡತಗಳಿವೆ ಎಂದುಕೊಳ್ಳಿ. ಒಟ್ಟು ತೂಕ 3 ಗಿಗಾಬೈಟ್ ಮಾತ್ರ. ಒಂದೇ ದೊಡ್ಡ ಕಡತವಾಗಿದ್ದರೆ ಸೆಕೆಂಡಿಗೆ 100 ಮೆಗಾಬೈಟಿನ ವೇಗದಲ್ಲಿ ಅರ್ಧ ನಿಮಿಷದಲ್ಲಿ ಓದಿ ಮುಗಿಯುತ್ತಿತ್ತು. ಆದರೆ ಪ್ರತಿ ಕಡತಕ್ಕೂ ತಲೆ ಎರಡು ಸಲ ಜಿಗಿಯಬೇಕಾದರೆ ಬರೀ ಜಿಗಿತಕ್ಕೇ 36 ನಿಮಿಷ ಬೇಕು. ಹತ್ತು ಗಿಗಾಬೈಟಿನ ಮದುವೆ ವಿಡಿಯೊ ಸರಾಗವಾಗಿ ಹೋದ ಮೇಲೆ ಬಿಲ್ಲುಗಳ ಸಣ್ಣ ಫೋಲ್ಡರಿನಲ್ಲಿ ಯಂತ್ರ ನಿಂತಂತೆ ಕಂಡರೆ ಅದು ಕೆಟ್ಟಿಲ್ಲ, ಜಿಗಿಯುತ್ತಿದೆ. ಸಾಲಿಡ್ ಸ್ಟೇಟ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯೇ ಇಲ್ಲ, ಮಾಹಿತಿ ವಿದ್ಯುದಾವೇಶದ ರೂಪದಲ್ಲಿ ಚಿಪ್ಪಿನೊಳಗೆ ಕೂತಿರುತ್ತದೆ. ಅಲ್ಲಿ ಈ ಕಾಯುವಿಕೆ ಮಿಲಿಸೆಕೆಂಡಿನ ಹತ್ತರಲ್ಲೊಂದು ಪಾಲು ಅಥವಾ ಅದಕ್ಕೂ ಕಡಿಮೆ.

ದಾರಿಯಲ್ಲಿ ಅತಿ ಕಿರಿದಾದ ಜಾಗ ಯಾವುದೋ ಅದೇ ವೇಗವನ್ನು ನಿರ್ಧರಿಸುತ್ತದೆ. ಯುಎಸ್‌ಬಿ 2.0 ಕಿಂಡಿಯ ಕಾಗದದ ಮೇಲಿನ ವೇಗ ಸೆಕೆಂಡಿಗೆ 480 ಮೆಗಾಬಿಟ್ (ಎಂಟು ಬಿಟ್ಟಿಗೆ ಒಂದು ಬೈಟಿನಂತೆ 60 ಮೆಗಾಬೈಟ್), ಕೈಗೆ ಸಿಗುವುದು 35 ಮೆಗಾಬೈಟಿನ ಆಸುಪಾಸು; 250 ಗಿಗಾಬೈಟಿಗೆ ಎರಡು ಗಂಟೆ. ಒಳಗೆ ನೀಲಿ ನಾಲಿಗೆ ಇರುವ ಕಿಂಡಿ ಸಾಮಾನ್ಯವಾಗಿ ಯುಎಸ್‌ಬಿ 3.0 ಆಗಿರುತ್ತದೆ, ಅದರಲ್ಲಿ ಹಳೆಯ ಡಿಸ್ಕ್ ಕೊಡುವಷ್ಟನ್ನೆಲ್ಲ ಪಡೆಯಬಹುದು. ಪೆನ್‌ಡ್ರೈವಿನಲ್ಲಿ ಇನ್ನೊಂದು ತೊಡಕಿದೆ. ಅನೇಕ ಪೆನ್‌ಡ್ರೈವುಗಳು ಫ್ಯಾಟ್32 ಎಂಬ ಪದ್ಧತಿಯಲ್ಲಿ ಬರುತ್ತವೆ. ಅದರಲ್ಲಿ ಕಡತದ ಉದ್ದವನ್ನು ಬರೆಯಲು 32 ಬಿಟ್‌ಗಳಷ್ಟೇ ಜಾಗ, ಆದ್ದರಿಂದ 4,29,49,67,295 ಬೈಟಿಗಿಂತ ದೊಡ್ಡ ಕಡತವನ್ನು ಅದು ಹಿಡಿಯಲಾರದು. ಆ ಮದುವೆ ವಿಡಿಯೊಗೆ 32 ಗಿಗಾಬೈಟಿನ ಖಾಲಿ ಪೆನ್‌ಡ್ರೈವ್ ಸಾಲದೆ ಹೋದದ್ದು ಜಾಗವಿಲ್ಲದೆ ಅಲ್ಲ, ಅಂಕಿ ಬರೆಯುವ ಕೋಣೆ ಚಿಕ್ಕದಾಗಿದ್ದರಿಂದ. ಎಕ್ಸ್‌ಫ್ಯಾಟ್ ಪದ್ಧತಿಗೆ ಬದಲಿಸಿದರೆ ಆ ಮಿತಿ ಇರುವುದಿಲ್ಲ.

ಇನ್ನು ತಂತ್ರಾಂಶ. ಮಂಡಿಯ ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯ ಐಕಾನನ್ನು ಎಳೆದು ಹೊಸ ಯಂತ್ರಕ್ಕೆ ಹಾಕಿದರೆ ಟ್ಯಾಲಿ ಹೋಗಿಬಿಡುತ್ತದೆ ಎಂದು ಭಾವ ನಂಬಿದ್ದರು. ಐಕಾನ್ ಎಂಬುದು ಬಾಗಿಲಿನ ಮೇಲಿನ ಫಲಕ, ಅದನ್ನು ಕಿತ್ತೊಯ್ದರೆ ಅಂಗಡಿ ಬರುವುದಿಲ್ಲ. ಹಾಗಾದರೆ ಇಡೀ ಫೋಲ್ಡರನ್ನೇ ನಕಲು ಮಾಡಿದರೆ? ಕೆಲವು ಸಣ್ಣ ತಂತ್ರಾಂಶಗಳು ಹಾಗೂ ಓಡುತ್ತವೆ, ಹೆಚ್ಚಿನವು ಓಡುವುದಿಲ್ಲ. ತಂತ್ರಾಂಶವೊಂದನ್ನು ಇನ್‌ಸ್ಟಾಲ್ ಮಾಡುವಾಗ ಅದು ತನ್ನ ಫೋಲ್ಡರಿನೊಳಗೆ ಸುಮ್ಮನೆ ಕೂರುವುದಿಲ್ಲ: ವಿಂಡೋಸ್‌ನ ರಿಜಿಸ್ಟ್ರಿ ಎಂಬ ದೊಡ್ಡ ದಾಖಲೆ ಪುಸ್ತಕದಲ್ಲಿ ತನ್ನ ವಿಳಾಸ, ಆವೃತ್ತಿ, ಯಾವ ಬಗೆಯ ಕಡತವನ್ನು ತಾನು ತೆರೆಯಬೇಕು ಎಂಬುದನ್ನೆಲ್ಲ ಬರೆಯುತ್ತದೆ, ಹತ್ತು ತಂತ್ರಾಂಶಗಳು ಹಂಚಿಕೊಳ್ಳುವ ಸಾಮಾನ್ಯ ತುಣುಕುಗಳನ್ನು ವ್ಯವಸ್ಥೆಯ ಫೋಲ್ಡರಿನಲ್ಲಿಡುತ್ತದೆ, ಬಳಕೆದಾರನ ಇಷ್ಟಾನಿಷ್ಟಗಳನ್ನು ಮರೆಯಾಗಿರುವ ಮತ್ತೊಂದು ಫೋಲ್ಡರಿನಲ್ಲಿ ಸೇರಿಸುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಫಲ ಕೊಡುತ್ತಿರುವ ತೆಂಗಿನ ಮರವನ್ನು ಯಾರೂ ಗಾಡಿಯಲ್ಲಿ ಹೇರಿಕೊಂಡು ಹೋಗಿ ಇನ್ನೊಂದು ತೋಟದಲ್ಲಿ ನಿಲ್ಲಿಸುವುದಿಲ್ಲ, ಸಸಿ ತಂದು ನೆಡುತ್ತಾರೆ. ತಂತ್ರಾಂಶಕ್ಕೂ ಅದೇ ದಾರಿ: ತಯಾರಕರ ತಾಣದಿಂದ ಹೊಸದಾಗಿ ಇಳಿಸಿಕೊಂಡು ಇನ್‌ಸ್ಟಾಲ್ ಮಾಡುವುದು, ಅದರ ದತ್ತಾಂಶವನ್ನು ಮಾತ್ರ ಹಳೆಯದರಿಂದ ತರುವುದು.

ಟ್ಯಾಲಿಯ ವಿಷಯದಲ್ಲಿ ಆ ದತ್ತಾಂಶ ಇರುವುದು ‘ಡಾಟಾ’ ಎಂಬ ಫೋಲ್ಡರಿನೊಳಗೆ, 10000ದಂಥ ಸಂಖ್ಯೆಯೇ ಹೆಸರಾಗಿರುವ ಉಪಫೋಲ್ಡರುಗಳಲ್ಲಿ. ಹೆಸರಿಲ್ಲದ ಆ ಸಂಖ್ಯೆಗಳನ್ನು ಬೇಡದ ಕಸವೆಂದು ಬಿಟ್ಟುಬಂದರೆ ಮಂಡಿಯ ಅಷ್ಟೂ ವರ್ಷಗಳ ಲೆಕ್ಕ ಹಿಂದೆ ಉಳಿಯುತ್ತದೆ. ಪರವಾನಗಿಯೂ ಯಂತ್ರದ ಗುರುತಿಗೆ ಕಟ್ಟಿರುವಂಥದ್ದು. ಹಳೆಯ ಯಂತ್ರ ಉಸಿರಾಡುತ್ತಿರುವಾಗಲೇ ಅದರಲ್ಲಿ ಪರವಾನಗಿಯನ್ನು ‘ಸರೆಂಡರ್’ ಮಾಡಿ, ಆಮೇಲೆ ಹೊಸದರಲ್ಲಿ ಸಕ್ರಿಯಗೊಳಿಸುವುದು ಸಲೀಸು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳದೂ ಇಂಥದೇ ಕತೆ. ಅವು ಆ ಯಂತ್ರದ ಆ ಬಳಕೆದಾರನ ಖಾತೆಗೆ ಸೇರಿದ ಕೀಲಿಯಿಂದ ಗೂಢಲಿಪಿಯಾಗಿರುತ್ತವೆ, ಫೋಲ್ಡರ್ ನಕಲಾದರೂ ಬೀಗ ತೆರೆಯುವುದಿಲ್ಲ; ಖಾತೆಯ ಮೂಲಕ ಸಿಂಕ್ ಮಾಡಿಯೋ ರಫ್ತು ಮಾಡಿಯೋ ತರಬೇಕು.

ನನಗೆ ಎಲ್ಲಕ್ಕಿಂತ ಕುತೂಹಲವೆನಿಸಿದ್ದು ಕನ್ನಡದ ಪತ್ರಗಳು. ಎಲ್ಲ ಸರಿಯಾಗಿ ನಕಲಾಗಿದ್ದವು, ಹೊಸ ಯಂತ್ರದಲ್ಲಿ ತೆರೆದರೆ ಕನ್ನಡವೇ ಇಲ್ಲ. ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಎ, ಪೌಂಡಿನ ಗುರುತು, ಜರ್ಮನ್ ಅಕ್ಷರಗಳ ಜಾತ್ರೆ. “ಹೋಯ್ತಲ್ಲಪ್ಪ ಎಲ್ಲ” ಎಂದು ಭಾವ ಹಣೆಗೆ ಕೈ ಹಚ್ಚಿದರು. ಏನೂ ಹೋಗಿರಲಿಲ್ಲ. ಆ ಪತ್ರಗಳು ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪಾದವು. ಒಂದು ಅಕ್ಷರಕ್ಕೆ ಒಂದು ಬೈಟಿನಂತೆ ಒಟ್ಟು 256 ಮನೆಗಳಷ್ಟೇ ಇದ್ದ ಕಾಲದಲ್ಲಿ, ಕಾಗುಣಿತ ಒತ್ತಕ್ಷರಗಳೆಲ್ಲ ಸೇರಿ ಸಾವಿರಗಟ್ಟಲೆ ಆಕಾರಗಳಿರುವ ಕನ್ನಡವನ್ನು ಕೂರಿಸಲು ಒಂದು ಜಾಣ ಉಪಾಯ ಹೂಡಿದ್ದರು: ಅಕ್ಷರಗಳನ್ನು ಬಿಟ್ಟು ಅವುಗಳ ತುಂಡುಗಳನ್ನು ಮನೆಗಳಲ್ಲಿಟ್ಟರು. ‘ಕನ್ನಡ’ ಎಂಬ ಪದ ಅಲ್ಲಿ ಏಳು ಸಂಖ್ಯೆ: 80, 192, 163, 192, 223, 113, 192. ಇದರಲ್ಲಿ 80 ಎಂದರೆ ತಲೆಕಟ್ಟಿಲ್ಲದ ಕಕಾರದ ಮೈ, 163 ನಕಾರದ ಮೈ, 223 ನಕಾರದ ಒತ್ತು, 113 ಡಕಾರದ ಮೈ. ಮೂರು ಸಲ ಬರುವ 192 ತಲೆಕಟ್ಟು. ಮೊಳೆ ಜೋಡಿಸಿದ ಹಾಗೆ ಜೋಡಿಸಿದ್ದಾರೆ. ಆದರೆ 80ರ ಮನೆ ಮೂಲತಃ ಇಂಗ್ಲಿಷಿನ ಪಿ ಅಕ್ಷರದ್ದು, 192 ಆ ಗೆರೆ ಹೊತ್ತ ಎ ಅಕ್ಷರದ್ದು, 163 ಪೌಂಡಿನದು. ನುಡಿ ಫಾಂಟ್ ಇಲ್ಲದ ಯಂತ್ರ ಆ ಸಂಖ್ಯೆಗಳಿಗೆ ತಾನು ಬಲ್ಲ ಅರ್ಥವನ್ನೇ ಕೊಟ್ಟಿತು.

ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಬೇರೆ ಬೇರೆ ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ಅದೇ ಪದ ಐದು ಸಂಖ್ಯೆ: 3221, 3240, 3277, 3240, 3233, ಅಂದರೆ ಕ, ನ, ಅರ್ಧಾಕ್ಷರದ ಗುರುತು, ನ, ಡ. ಇಲ್ಲಿ ದಾಖಲಾಗುವುದು ಬಾಯಲ್ಲಿ ಕಾಗುಣಿತ ಹೇಳುವ ಕ್ರಮ, ಕಣ್ಣಿಗೆ ಕಾಣುವ ಆಕಾರವಲ್ಲ; ಒತ್ತನ್ನು ಎಲ್ಲಿ ಕೂರಿಸಬೇಕೆಂಬ ಚಿಂತೆ ಫಾಂಟಿನದು. ಈ ಸಂಖ್ಯೆಗಳು ಕನ್ನಡ ಲಿಪಿಯ ಹೊರತು ಬೇರಾವ ಲಿಪಿಯ ಅಕ್ಷರಗಳೂ ಅಲ್ಲವಾದ್ದರಿಂದ ಯಂತ್ರಕ್ಕೆ ಗೊಂದಲವಿಲ್ಲ. ಹಳೆಯ ಯಂತ್ರದ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಫಾಂಟುಗಳನ್ನು ತಂದು ಹಾಕಿದೊಡನೆ ಪತ್ರಗಳು ಮತ್ತೆ ಕನ್ನಡವಾದವು. ಆದರೂ ಯುನಿಕೋಡಿಗೆ ಪರಿವರ್ತಿಸಿ ಇಡುವುದೇ ಮೇಲು, ಏಕೆಂದರೆ ನುಡಿಯ ಕಡತದಲ್ಲಿ ‘ಕೊಬ್ಬರಿ’ ಎಂದು ಯುನಿಕೋಡಿನಲ್ಲಿ ಟೈಪಿಸಿ ಹುಡುಕಿದರೆ ಏನೂ ಸಿಗುವುದಿಲ್ಲ.

ನಕಲು ನಿಖರವಾಗಿದೆಯೇ ಎಂದು ತಿಳಿಯಲು ಗಾತ್ರ ಹೋಲಿಸಿದರೆ ಸಾಲದು. ಎಸ್‌ಎಚ್‌ಎ-256 ಎಂಬ ಗಣಿತಕ್ರಮ ಎಷ್ಟೇ ದೊಡ್ಡ ಕಡತವನ್ನಾದರೂ 64 ಚಿಹ್ನೆಗಳ ಒಂದು ಮುದ್ರೆಗೆ ಇಳಿಸುತ್ತದೆ, ಮೂಲದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಮುದ್ರೆ ಪೂರ್ತಿ ಬೇರೆಯಾಗುತ್ತದೆ. ಟ್ಯಾಲಿಯ ಫೋಲ್ಡರಿಗಾದರೂ ಇದನ್ನು ಮಾಡಲೇಬೇಕು. ನಕಲಿಗೆ ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಒಳ್ಳೆಯ ಸಾಧನ, ಕರೆಂಟು ಹೋಗಿ ಅರ್ಧಕ್ಕೆ ನಿಂತರೆ ಮುಗಿದ ಕಡತಗಳನ್ನು ಬಿಟ್ಟು ಉಳಿದವನ್ನು ಮುಂದುವರಿಸುತ್ತದೆ. ಆದರೆ ಓದಲಾಗದ ಕಡತ ಸಿಕ್ಕರೆ, ನಾವೇನೂ ಹೇಳದಿದ್ದಲ್ಲಿ, 30 ಸೆಕೆಂಡಿಗೊಮ್ಮೆಯಂತೆ 10 ಲಕ್ಷ ಸಲ ಮರಳಿ ಯತ್ನಿಸುತ್ತದೆ. ಗುಣಿಸಿ ನೋಡಿದರೆ ಸುಮಾರು 347 ದಿನ. ಎರಡು ಸಲ ಸಾಕು ಎಂದು ಮೊದಲೇ ಹೇಳಿಡಿ.

ಹಳೆಯ ಯಂತ್ರವನ್ನು ಯಾರಿಗಾದರೂ ಕೊಡುವ ಮುನ್ನ ‘ಡಿಲೀಟ್’ ಮಾಡಿದರೆ ಸಾಲದು, ಅದು ಸೂಚಿಯಲ್ಲಿನ ಹೆಸರನ್ನು ತೆಗೆಯುತ್ತದೆಯೇ ಹೊರತು ತಟ್ಟೆಯ ಮೇಲಿನ ಬರಹವನ್ನಲ್ಲ. ತಿರುಗುವ ಡಿಸ್ಕಾದರೆ ಇಡಿಯಾಗಿ ಒಮ್ಮೆ ಸೊನ್ನೆ ಬರೆಯಬೇಕು. ಸಾಲಿಡ್ ಸ್ಟೇಟ್ ಡಿಸ್ಕಾದರೆ ಬರೆದದ್ದು ಅದೇ ಜಾಗಕ್ಕೆ ಬೀಳುವ ಭರವಸೆಯಿಲ್ಲದ್ದರಿಂದ ಅದರದೇ ಸುರಕ್ಷಿತ ಅಳಿಸುವಿಕೆಯ ಆದೇಶವನ್ನು ಬಳಸಬೇಕು. ಭಾವನವರ ಹಳೆಯ ಡಿಸ್ಕನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಮಂಡಿಯ ಬೀರುವಿನಲ್ಲಿಟ್ಟಿದ್ದೇವೆ. ಮಾರ್ಚ್ ಮುಗಿದು ಆಡಿಟರ್ ಸಹಿ ಹಾಕಿದ ಮೇಲೆ ಸೊನ್ನೆ ಬರೆಯುವುದೆಂದು ಮಾತಾಗಿದೆ.